ದೇಹದ ಋಣ

ನಮ್ಮ ಮನೆಯಲ್ಲಿ ಬೆಳಗಿನ ಆರು ಗಂಟೆಯೆಂದರೆ ಹಾಲು ಕಾಯಿಸುವ ಹೊತ್ತು. ಆ ಹೊತ್ತಿಗೆ ನಾನು ಒಲೆಯ ಮುಂದೆ ಇಲ್ಲದ ದಿನಗಳನ್ನು ಕಳೆದ ಮೂವತ್ತು ವರ್ಷಗಳಲ್ಲಿ ಬೆರಳೆಣಿಕೆಯಲ್ಲಿ ಹೇಳಬಹುದು. ಹಾಗಾಗಿ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, "ಸಕ್ಕರೆ ಕಾಯಿಲೆ ಶುರುವಾಗಿದೆ. ಮಾತ್ರೆ ಕೊಡುತ್ತೇನೆ. ಆದರೆ ಬೆಳಿಗ್ಗೆ ಅರ್ಧ ಗಂಟೆ ನಡೆಯಲೇಬೇಕು" ಎಂದಾಗ, ನನಗೆ ಸಕ್ಕರೆಯ ಚಿಂತೆಗಿಂತ ಮೊದಲು ಹಾಲಿನ ಚಿಂತೆ ಬಂತು.

"ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಓಡಾಡುವುದೇ ಆಗಿದೆಯಲ್ಲ ಡಾಕ್ಟ್ರೇ?" ಎಂದೆ. ಈ ಮಾತನ್ನು ನೀವೂ ಎಂದಾದರೂ ಆಡಿರುತ್ತೀರಿ. ಅವರು ನಕ್ಕು, "ನೀವು ಅಡುಗೆಮನೆಯಲ್ಲಿ ಓಡಾಡುವುದಿಲ್ಲ, ನಿಂತಿರುತ್ತೀರಿ" ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಒಲೆಯಿಂದ ಸಿಂಕಿಗೆ ಮೂರು ಹೆಜ್ಜೆ, ಅಲ್ಲಿಂದ ಮಿಕ್ಸಿಗೆ ಎರಡು. ಸಂಜೆಗೆ ಕಾಲು ನೋಯುತ್ತಿದ್ದುದರಿಂದ ಬಹಳ ನಡೆದಿದ್ದೇನೆಂದು ಭ್ರಮಿಸಿದ್ದೆ, ಅಷ್ಟೆ.

"ನೀನು ಹೋಗು, ಕಾಫಿ ನಾನು ಮಾಡಿಕೊಳ್ಳುತ್ತೇನೆ" ಎಂದರು ನಮ್ಮವರು. ಮನೆಯಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ನನ್ನೊಳಗೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಕುವೆಂಪು ಅವರಂಥವರು ವಾಯುಸೇವನೆಗೆ ಹೋಗುತ್ತಿದ್ದ ಕೆರೆ. ಕವಿಗಳು ಆ ನೀರನ್ನು ನೋಡಿ ಕವಿತೆ ಬರೆದರು. ನಾನು ಮೊದಲ ದಿನ ಅದೇ ನೀರನ್ನು ನೋಡುತ್ತ, ಹುಳಿಗೆ ಬೇಳೆ ತೊಳೆದಿಟ್ಟೆನೋ ಇಲ್ಲವೋ ಎಂದು ಯೋಚಿಸಿದೆ. ಹೆಜ್ಜಾರ್ಲೆಗಳು ಹಾಯಾಗಿ ತೇಲುತ್ತಿದ್ದವು. ನಾನು ಮಾತ್ರ ಯಾರದೋ ಸಮಯವನ್ನು ಕದ್ದು ತಂದವಳಂತೆ ಬಿರಬಿರನೆ ನಡೆದು, ಅರ್ಧ ದಾರಿಗೇ ಹಿಂತಿರುಗಿದೆ. ನನಗಾಗಿಯೇ ಅರ್ಧ ಗಂಟೆ ತೆಗೆದುಕೊಳ್ಳುವುದು ಸ್ವಾರ್ಥವಲ್ಲವೇ ಎಂಬ ಪ್ರಶ್ನೆ ಮನೆಯವರೆಗೂ ಜೊತೆಗೇ ಬಂತು.

ಆಗ ನೆನಪಾದವಳು ನನ್ನ ಅಮ್ಮ. ಎಲ್ಲರ ಊಟವಾದ ಮೇಲೆ ಉಂಡವಳು, ಎಲ್ಲರೂ ಮಲಗಿದ ಮೇಲೆ ಮಲಗಿದವಳು. ತನಗೆಂದು ಯಾರಿಂದಲೂ ಐದು ನಿಮಿಷ ಕೇಳಿದವಳಲ್ಲ. ಅರವತ್ತು ದಾಟುವುದರೊಳಗೆ ಅವಳ ಕಾಲಿನ ಶಕ್ತಿ ಉಡುಗಿತು. ಒಮ್ಮೆ ಬಚ್ಚಲಲ್ಲಿ ಬಿದ್ದವಳು ಮತ್ತೆ ಸರಿಯಾಗಿ ಏಳಲಿಲ್ಲ. ಕೊನೆಯ ನಾಲ್ಕು ವರ್ಷ ಮಂಚದಿಂದ ಇಳಿಯುವುದಕ್ಕೂ ಇನ್ನೊಬ್ಬರ ಕೈ ಬೇಕಾಯಿತು. ಅವಳಿಗೆ ನೋವಿಗಿಂತ ಹೆಚ್ಚು ಬಾಧಿಸಿದ್ದು, "ನಿಮಗೆಲ್ಲ ಭಾರವಾದೆನಲ್ಲ" ಎಂಬ ಸಂಕಟ. ಅಮ್ಮ ನಮಗೆ ಭಾರವಾಗಲಿಲ್ಲ. ನಡೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಅವಳ ದೇಹ ಒಂದಿಷ್ಟು ಆರೈಕೆ ಕೇಳುತ್ತಿದ್ದಾಗ ಅವಳೂ ಕೊಡಲಿಲ್ಲ, ನಾವೂ ನೆನಪಿಸಲಿಲ್ಲ. ಅದನ್ನು ತ್ಯಾಗವೆಂದು ಹೊಗಳಿ ಸುಮ್ಮನಾದೆವು.

ಧರ್ಮವನ್ನು ಸಾಧಿಸಲು ಶರೀರವೇ ಮೊದಲ ಸಾಧನ ಎಂಬ ಮಾತನ್ನು ಹಿರಿಯರಿಂದ ಕೇಳಿರುತ್ತೇವೆ. ಅದು ಕಾಳಿದಾಸನ ಕುಮಾರಸಂಭವದಲ್ಲಿ ಬರುತ್ತದೆ. ಅಲ್ಲಿ ಅದನ್ನು ಹೇಳಿರುವುದು ಒಬ್ಬ ಹೆಣ್ಣಿಗೆ! ಕಠೋರ ತಪಸ್ಸಿನಲ್ಲಿರುವ ಪಾರ್ವತಿಯ ಬಳಿಗೆ ಶಿವ ವೇಷ ಮರೆಸಿಕೊಂಡು ಬಂದು, ನಿನ್ನ ಶಕ್ತಿಯನ್ನು ನೋಡಿಕೊಂಡು ತಪಸ್ಸು ಮಾಡುತ್ತಿದ್ದೀಯಷ್ಟೆ ಎಂದು ವಿಚಾರಿಸುವ ಸಂದರ್ಭ. ದೇವಋಣ, ಋಷಿಋಣ, ಪಿತೃಋಣ ಎಂದು ನಮ್ಮವರು ಮೂರು ಋಣಗಳನ್ನು ಹೇಳಿದ್ದಾರೆ. ನಮ್ಮನ್ನು ಹೊತ್ತು ತಿರುಗುವ ದೇಹದ್ದೂ ಒಂದು ಋಣವಿರಬೇಕಲ್ಲವೇ ಎಂದು ನನಗನ್ನಿಸಿತು. ಸಾಲ ತೀರಿಸುವುದನ್ನು ಯಾರೂ ಸ್ವಾರ್ಥವೆನ್ನುವುದಿಲ್ಲ.

"ಮೊದಲು ಮನಸ್ಸು ಮಾಡು" ಎನ್ನುತ್ತಾರೆ. ನನಗೆ ಮನಸ್ಸು ಬಂದದ್ದು ಆಮೇಲೆ, ಮೊದಲು ಹೋದದ್ದು ಕಾಲು. ಇಷ್ಟವಾಗಲಿ ಎಂದು ಕಾದಿದ್ದರೆ ಇಂದಿಗೂ ಕಾಯುತ್ತಲೇ ಇರುತ್ತಿದ್ದೆ. ಮೊದಲ ತಿಂಗಳು ಹದಿನೈದೇ ನಿಮಿಷ ಎಂದು ಗೊತ್ತು ಮಾಡಿಕೊಂಡೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಎಲ್ಲರೂ ಹೆದರಿಸುತ್ತಾರೆ. ಆ ಸಂಖ್ಯೆ ಹೆಸರಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ, ವೈದ್ಯರ ಚೀಟಿಯಿಂದಲ್ಲ. ಅಮೆರಿಕದ ವಯಸ್ಸಾದ ಹೆಂಗಸರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವು ಕಡಿಮೆ ಕಂಡುಬಂತು. 7,500ರ ಆಚೆಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಎಂದು ಹೇಳಿದಾಗಲೂ, ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮಾಡುವುದು ಲೇಸು ಎಂದಿತು. ಈ ಲೆಕ್ಕ ತಿಳಿದಾಗ ನನಗೆ ಧೈರ್ಯ ಬಂತು. ಮೂರನೆಯ ತಿಂಗಳಿಗೆ, ಮಳೆ ಬಂದು ಹೋಗಲಾಗದ ದಿನ ಏನನ್ನೋ ಕಳೆದುಕೊಂಡಂತಾಯಿತು. ಅಂದೇ ತಿಳಿದದ್ದು, ನನಗೆ ನಡೆಯುವುದು ಇಷ್ಟವಾಗಿದೆಯೆಂದು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ ನಮ್ಮ ಮನೆಗೆಲಸಕ್ಕೆ ಬರುವಾಕೆ ಒಂದು ದಿನ ನಗುತ್ತ, "ನಡ್ದೂ ನಡ್ದೂ ನನ್ ಮಂಡಿ ಹೋಯ್ತು ಕಣಕ್ಕ. ನೀವು ನೋಡಿದ್ರೆ ಕಾಸು ಕೊಟ್ಟು ಬೂಟು ತಗೊಂಡು ನಡೀತೀರ" ಎಂದಳು. ನಾಲ್ಕು ಮನೆಯ ನೆಲ ಒರೆಸಿ, ಎರಡು ಮೈಲಿ ನಡೆದು ಬಂದು ಹೋಗುವವಳಿಗೆ ವ್ಯಾಯಾಮದ ಉಪದೇಶ ಮಾಡಿದರೆ ಅದು ಅಣಕವಾದೀತು. ನನಗೆ ಉತ್ತರ ಹೊಳೆಯಲಿಲ್ಲ.

ಆ ದಿನ ಕೆರೆಯ ಸುತ್ತ ಯೋಚಿಸುತ್ತಲೇ ನಡೆದೆ. ಋಣ ಎನ್ನುವುದಾದರೆ ಅವಳ ದೇಹಕ್ಕೂ ಅದು ಸಲ್ಲಬೇಕು. ನನ್ನ ದೇಹ ಕೇಳುತ್ತಿರುವುದು ಚಲನೆಯನ್ನು, ಅವಳ ದೇಹ ಕೇಳುತ್ತಿರುವುದು ವಿಶ್ರಾಂತಿಯನ್ನು. ಕೇಳುವ ಹಕ್ಕು ಮಾತ್ರ ಇಬ್ಬರಿಗೂ ಒಂದೇ. ಈಗ ಭಾನುವಾರ ಅವಳಿಗೆ ಸಂಬಳ ಸಹಿತ ರಜೆ. ಉಳಿದ ದಿನ ನಾನು ಬರುವ ಹೊತ್ತಿಗೆ ಅವಳ ಕೆಲಸವೂ ಮುಗಿದಿರುತ್ತದೆ. ಇಬ್ಬರೂ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತೇವೆ. ಇದು ಉಪಕಾರವೇನಲ್ಲ. ಎಂದೋ ಕೊಡಬೇಕಿದ್ದುದನ್ನು ತಡವಾಗಿ ಕೊಟ್ಟೆ. ಅವಳ ಮಂಡಿ ನೋವೇನೂ ಇದರಿಂದ ಹೋಗಿಲ್ಲ.

ಹಾಲು? ಈಗಲೂ ವಾರಕ್ಕೊಮ್ಮೆ ಉಕ್ಕುತ್ತದೆ. ನಾನು ಬರುವಷ್ಟರಲ್ಲಿ ನಮ್ಮವರು ಒಲೆ ಒರೆಸಿರುತ್ತಾರೆ, ಅಂಚಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದನ್ನು ನೋಡಿಯೂ ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ. ನಡೆಯುವುದಕ್ಕಿಂತ ಅದೇ ಕಷ್ಟದ ವ್ಯಾಯಾಮ.