ಬಂಡಿ ಹೊರಟಿರುವುದು ಯಾರ ಊರಿಗೆ?

‘ಕೋಚ್’ ಎಂಬ ಇಂಗ್ಲಿಷ್ ಪದದ ತವರು ಹಂಗೆರಿಯ ಒಂದು ಹಳ್ಳಿ. ಹಳ್ಳಿಯ ಹೆಸರೂ ಕೋಚ್. ಅಲ್ಲಿ ತಯಾರಾಗುತ್ತಿದ್ದ ಕುದುರೆ ಬಂಡಿಗಳ ಜೊತೆ ಆ ಹೆಸರು ಯುರೋಪಿನ ತುಂಬ ಓಡಾಡಿತು. 19ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟರನ್ನು ತಮಾಷೆಗೆ ಹಾಗೆ ಕರೆದರು. ಅಲ್ಲಿಂದ ಪದ ಆಟದ ಮೈದಾನಕ್ಕೆ ಹೋಯಿತು, ನಮ್ಮ ಸಿಇಟಿ, ನೀಟ್ ಕ್ಲಾಸುಗಳ ಬೋರ್ಡಿಗೂ ಬಂತು. ಈಗ ಆಫೀಸಿನೊಳಗಿದೆ. ಹೊಸದಾಗಿ ಮ್ಯಾನೇಜರ್ ಆದವರಿಗೆ ‘ಹುಕುಂ ಮಾಡಬೇಡಿ, ಕೋಚ್ ಮಾಡಿ’ ಎಂದು ಹೇಳಿಕೊಡುತ್ತಾರೆ. ಕೆಲವು ವರ್ಷಗಳಿಂದ ಹಾಗೆ ಹೇಳಿಕೊಡುವುದೇ ನನ್ನ ಕೆಲಸ. ಆದ್ದರಿಂದ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಬಾಡಿಗೆ ಬಂಡಿ ಹತ್ತಿದವರು ತಾವು ಹೋಗಬೇಕಾದ ಊರನ್ನು ತಾವೇ ಹೇಳುತ್ತಾರೆ. ಆಫೀಸಿನ ಬಂಡಿಯಲ್ಲಿ ಊರು ಹೇಳುವವರು ಯಾರು?

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಅಮೆರಿಕದ ಸರ್ಕಾರ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆ ಶುರುಮಾಡಿತು. ನುರಿತ ಕೈಗಳು ಸೈನ್ಯದ ಪಾಲಾಗಿ, ಯಂತ್ರ ಮುಟ್ಟಿ ಗೊತ್ತಿಲ್ಲದವರು ಕಾರ್ಖಾನೆಗೆ ಬರತೊಡಗಿದಾಗ, ಅವರಿಗೆ ಕಲಿಸಬೇಕಾದ ಮೇಲ್ವಿಚಾರಕರಿಗೇ ಮೊದಲು ಪಾಠವಾಯಿತು. ಎರಡೆರಡು ಗಂಟೆಯ ಐದು ತರಗತಿ, ನಾಲ್ಕು ಹೆಜ್ಜೆ: ಕಲಿಯುವವರ ಅಂಜಿಕೆ ಬಿಡಿಸುವುದು, ಕೆಲಸವನ್ನು ಮಾಡಿ ತೋರಿಸುವುದು, ಅವರ ಕೈಯಲ್ಲೇ ಮಾಡಿಸುವುದು, ಆಮೇಲೆ ಅವರ ಪಾಡಿಗೆ ಬಿಟ್ಟು ಆಗಾಗ ಹೋಗಿ ನೋಡುವುದು. ಜೊತೆಗೆ ಒಂದು ಖಡಾಖಂಡಿತ ನಿಯಮ: ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ. ಯುದ್ಧ ಮುಗಿದ ಮೇಲೆ ಇದು ಜಪಾನಿಗೆ ಹೋಯಿತು, ಟೊಯೋಟಾದಂಥ ಕಂಪನಿಗಳಲ್ಲಿ ಬೇರೂರಿತು.

ಈ ನಿಯಮದಲ್ಲಿ ದೊಡ್ಡ ನೈತಿಕತೆಯಿದೆ. ‘ಅವನ ತಲೆಗೆ ಹತ್ತಲ್ಲ ಬಿಡಿ’ ಎಂದು ಕೈತೊಳೆದುಕೊಳ್ಳಲು ಮೇಲಿನವರಿಗೆ ಅದು ಅವಕಾಶ ಕೊಡುವುದಿಲ್ಲ. ಆದರೆ ಅಲ್ಲಿ ಊರು ಮೊದಲೇ ನಿಗದಿಯಾಗಿತ್ತು. ಬಿಡಿಭಾಗ ಸರಿಯಾಗಿ, ಬೇಗ ತಯಾರಾಗಬೇಕು, ಅಷ್ಟೇ. ಅದನ್ನು ಯಾರೂ ಮುಚ್ಚಿಡಲಿಲ್ಲ.

ಕೋಚಿಂಗ್ ಹೇಳುವುದು ಬೇರೆ. ಉತ್ತರ ಕೊಡಬೇಡ, ಪ್ರಶ್ನೆ ಕೇಳು, ಉತ್ತರ ಅವರೊಳಗೇ ಇದೆ ಎನ್ನುತ್ತದೆ. ಇದರ ಮೂಲಪುರುಷನಾಗಿ ಹಲವರು ನೆನೆಯುವುದು ಸಾಕ್ರಟೀಸನನ್ನು. ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಅವನು ಒಬ್ಬ ಗುಲಾಮ ಹುಡುಗನಿಗೆ, ಈ ಚೌಕದ ಎರಡರಷ್ಟು ವಿಸ್ತೀರ್ಣದ ಚೌಕ ಬೇಕು, ಅದರ ಬದಿ ಎಷ್ಟು ಎಂದು ಕೇಳುತ್ತಾನೆ. ಬದಿಯನ್ನು ಎರಡರಷ್ಟು ಮಾಡಿದರಾಯಿತು ಎನ್ನುತ್ತಾನೆ ಹುಡುಗ, ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ ಬಿದ್ದು, ಕೊನೆಗೆ ಕರ್ಣದ ಮೇಲೆ ಚೌಕ ಕಟ್ಟಬೇಕೆಂದು ಅವನಿಗೆ ಹೊಳೆಯುತ್ತದೆ. ಓದುವವರಿಗೂ ಖುಷಿಯಾಗುವ ಜಾಗವದು. ಆದರೆ ಪಾಠ ಮುಗಿದ ಮೇಲೂ ಹುಡುಗ ಮೆನೋನ ಗುಲಾಮನೇ. ರೇಖಾಗಣಿತ ಬೇಕೇ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಒಡೆಯನ ಮುಂದೆ ಒಂದು ವಾದವನ್ನು ಸಾಬೀತುಮಾಡಲು ಅವನು ಬೇಕಾಗಿದ್ದ.

ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬಾರದು ಎಂದು ಕಾಂಟ್ 1785ರಲ್ಲಿ ಬರೆದ. ‘ಬರಿಯ’ ಎಂಬ ಮಾತಿಗೆ ತೂಕವಿದೆ. ಸಂಬಳ ಕೊಡುವ ಕಂಪನಿ ಲಾಭ ನೋಡುವುದು ತಪ್ಪಲ್ಲ. ಲಾಭವೊಂದನ್ನೇ ನೋಡುವುದು ತಪ್ಪು. ಆ ಗೆರೆಯನ್ನು ದಾಟಿದ್ದು ಗೊತ್ತಾಗುವುದು ಹೇಗೆ? ಹೊಸ ಮ್ಯಾನೇಜರೊಬ್ಬರು ಒಮ್ಮೆ ಕೇಳಿದ್ದರು: “ಮೇಡಂ, ಆ ಹುಡುಗಿಗೆ ಕ್ಲೈಂಟ್ ಜೊತೆ ಮಾತಾಡೋದು ಕಲಿಸಿಬಿಟ್ರೆ ಆರು ತಿಂಗಳಲ್ಲಿ ಬೇರೆ ಕಡೆ ಹೋಗ್ತಾಳೆ. ಆಮೇಲೆ ನನ್ನ ರೇಟಿಂಗ್ ಏನಾಗತ್ತೆ?” ಆ ಭಯ ಸುಳ್ಳಲ್ಲ. ಅವರ ಮನೆ ನಡೆಯುವುದೂ ಆ ರೇಟಿಂಗಿನ ಮೇಲೆಯೇ. ಆದರೂ ನಾನು ಹೇಳಿದ್ದು, ಕಲಿಸಿ ಅಂತಲೇ. ಸಂಬಳ ಕೊಟ್ಟು ನಾವು ಪಡೆಯುವುದು ಅವಳ ದುಡಿಮೆಯನ್ನು. ಅವಳು ಇದ್ದಲ್ಲೇ ಇರಲಿ ಎಂದು ವಿದ್ಯೆಯ ಒಂದು ತುಂಡನ್ನು ಬಚ್ಚಿಡುವ ಹಕ್ಕು ಅದರಲ್ಲಿ ಸೇರಿಲ್ಲ. ಬಿಟ್ಟು ಹೋಗುವಾಗ ಜೊತೆಗೆ ಒಯ್ಯಬಹುದಾದದ್ದನ್ನು ಕೊಟ್ಟಿದ್ದೇವೆಯೇ ಎಂಬುದೇ ನನ್ನ ಮಟ್ಟಿಗೆ ಪರೀಕ್ಷೆ.

ಇನ್ನೊಂದು ತೊಡಕಿದೆ. ಸೋಮವಾರ ‘ನಿಮ್ಮ ಕಷ್ಟ ಹೇಳಿ’ ಎಂದು ಕೇಳುವ ಮ್ಯಾನೇಜರೇ ಮಾರ್ಚಿನಲ್ಲಿ ಅಪ್ರೈಸಲ್ ಬರೆಯುತ್ತಾರೆ. ಅಂಕ ಹಾಕುವವರ ಮುಂದೆ ತನಗೆ ಬಾರದ್ದನ್ನು ಯಾರು ಬಿಚ್ಚಿಡುತ್ತಾರೆ? ಈ ಎರಡು ಪಾತ್ರಗಳನ್ನು ಬೇರ್ಪಡಿಸುವುದು ಎಲ್ಲ ಕಡೆ ಸಾಧ್ಯವಿಲ್ಲ. ಆದರೆ ಕಲಿಯುವಾಗ ಕೇಳಿದ ಪ್ರಶ್ನೆ, ಮಾಡಿದ ತಪ್ಪು ಅಪ್ರೈಸಲ್ಲಿಗೆ ಹೋಗುವುದಿಲ್ಲ ಎಂದು ಮಾತು ಕೊಡಬಹುದು, ಕೊಟ್ಟ ಮಾತನ್ನು ಉಳಿಸಿಕೊಳ್ಳಬಹುದು.

ಹಾಗೆಯೇ, ಉತ್ತರ ಮೊದಲೇ ತೀರ್ಮಾನವಾಗಿದ್ದರೆ ಪ್ರಶ್ನೆಯ ನಾಟಕ ಬೇಡ. ‘ಈ ಕೆಲಸ ಹೀಗೇ ಆಗಬೇಕು, ಬನ್ನಿ ತೋರಿಸುತ್ತೇನೆ’ ಎನ್ನುವುದರಲ್ಲಿ ಅವಮಾನವೇನಿಲ್ಲ. ‘ನಿಮಗೇನನ್ನಿಸುತ್ತದೆ?’ ಎಂದು ಕೇಳುವುದಾದರೆ, ನಮಗೆ ಬೇಡವಾದ ಉತ್ತರ ಬಂದಾಗಲೂ ಕೂತು ಕೇಳುವ ತಯಾರಿ ಇರಬೇಕು. ‘ನನಗೆ ಈ ಕೆಲಸವೇ ಬೇಡ, ಬೇರೆ ವಿಭಾಗಕ್ಕೆ ಹೋಗಬೇಕು’ ಎಂಬುದೂ ಅಂಥ ಒಂದು ಉತ್ತರವಾಗಿರಬಹುದು.