ನಿಲ್ಲುವ ಜಾಗ

ಅರಕಲಗೂಡಿನ ಅಕ್ಕನ ಮಗಳು ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಕ್ಯಾಮೆರಾ ಕೊಂಡಳು. ಜೊತೆಗೆ ಬಂದ 18-55 ಲೆನ್ಸಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಅದನ್ನು ಮೂಲೆಗಿಟ್ಟು 70-300 ತಗೋ ಅಂದರಂತೆ ಒಬ್ಬರು. 50 ಎಂ.ಎಂ. ಇಲ್ಲದ ಮೇಲೆ ಕ್ಯಾಮೆರಾ ಯಾಕೆ ಅಂದರಂತೆ ಇನ್ನೊಬ್ಬರು. ಹೊಳೆನರಸೀಪುರದಲ್ಲಿರುವ ನನಗೆ ಫೋನು ಬಂತು: 'ಮಾವ, ಒಂದಕ್ಕೇ ದುಡ್ಡಿರೋದು. ಯಾವುದು ತಗೊಳ್ಲಿ?'

'ಏನು ತೆಗೀಬೇಕು ಅಂತಿದೀಯ ಹೇಳಮ್ಮ' ಎಂದೆ.

'ಎಲ್ಲಾನೂ.'

ಆ ಉತ್ತರ ನನಗೆ ಇಷ್ಟವಾಯಿತು. ಏನು ಬೇಕೆಂದು ಇನ್ನೂ ಗೊತ್ತಿಲ್ಲದವರಿಗೆ 18-55ಕ್ಕಿಂತ ಒಳ್ಳೆಯ ಮೇಷ್ಟರಿಲ್ಲ. ಸದ್ಯಕ್ಕೆ ಏನೂ ಕೊಳ್ಳಬೇಡ ಎಂದು ಹೇಳಿ, ಮುಂದಿನ ಭಾನುವಾರ ಅವಳನ್ನು ಚನ್ನರಾಯಪಟ್ಟಣದ ಕಡೆಗೆ ಕರೆದುಕೊಂಡು ಹೋದೆ.

ಶ್ರವಣಬೆಳಗೊಳದ ಗೊಮ್ಮಟ 58 ಅಡಿ ಎತ್ತರ. ಅವಳ ಕ್ಯಾಮೆರಾದಲ್ಲಿ 50 ಎಂ.ಎಂ. ಹಾಕಿ ಪಾದದಿಂದ ಮುಡಿಯವರೆಗೆ ಹಿಡಿಯಬೇಕೆಂದರೆ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರೂ, ಸುಮಾರು 120 ಅಡಿ ಹಿಂದೆ ಹೋಗಬೇಕು. ಬೆಟ್ಟದ ಮೇಲಿನ ಅಂಗಳದಲ್ಲಿ ಅಷ್ಟು ಜಾಗ ಎಲ್ಲಿದೆ? 18ಕ್ಕೆ ತಿರುಗಿಸಿದರೆ ಮೂವತ್ತೈದು ಅಡಿ ಸಾಕು. ಅವಳು ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಝೂಮು ತಿರುಗಿಸಿ, ಕೊನೆಗೆ ಕಾಲುಬೆರಳುಗಳನ್ನಷ್ಟೇ ತೆಗೆದಳು. ನಾನು ಮಾತಾಡಲಿಲ್ಲ.

ಅಲ್ಲಿಂದ ನುಗ್ಗೇಹಳ್ಳಿಗೆ ಹೋದೆವು. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ. ಹೊರಗೋಡೆಯ ಮೂರ್ತಿಗಳು ಕಣ್ಣಿನ ಮಟ್ಟಕ್ಕೇ ಸಿಗುತ್ತವೆ; ಅಲ್ಲಿ 18-55 ಚೆನ್ನಾಗಿಯೇ ಕೆಲಸ ಮಾಡಿತು. ಅರ್ಚಕರನ್ನು ಕೇಳಿ ಒಳಗೆ ಕಾಲಿಟ್ಟ ಕೂಡಲೇ ಸೋತಿತು. ನವರಂಗದ ಕತ್ತಲಲ್ಲಿ ತೆಗೆದದ್ದೆಲ್ಲ ಅಲುಗಿ ಮಸುಕಾಗಿತ್ತು. ಈ ಲೆನ್ಸಿನ ಬಾಯಿ 55ರ ಹತ್ತಿರ ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್/1.8 ತೆರೆಯುವ ಲೆನ್ಸು ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. 'ಹಾಗಾದ್ರೆ 50 ತಗೊಳ್ಳೋದೇ ಸರಿ ಅಲ್ವಾ?' ಅಂದಳು. ಇನ್ನೊಂದು ತಿಂಗಳು ಬಿಡು ಎಂದೆ.

ಪ್ರತಿ ಫೋಟೊದ ಒಳಗೂ ಅದನ್ನು ಎಷ್ಟು ಎಂ.ಎಂ.ನಲ್ಲಿ ತೆಗೆದದ್ದು ಎಂದು ಕ್ಯಾಮೆರಾ ಬರೆದಿಟ್ಟಿರುತ್ತದೆ. ತಿಂಗಳ ಕೊನೆಗೆ ಇಬ್ಬರೂ ಕೂತು, ಅವಳಿಗೆ ಇಷ್ಟವಾದ ಫೋಟೊಗಳ ಅಂಕಿಗಳನ್ನು ಒಂದೊಂದಾಗಿ ನೋಡಿದೆವು. ಹೆಚ್ಚಿನವು 28ರಿಂದ 40ರ ನಡುವೆ ಇದ್ದವು. ಮನೆಯ ಪಡಸಾಲೆ, ಸಂತೆ, ಹೊಗೆಸೊಪ್ಪು ಕಟ್ಟುವ ಶೆಡ್ಡು. ಎಲ್ಲವೂ ಇಕ್ಕಟ್ಟಿನ ಜಾಗಗಳು, ಎಲ್ಲದರಲ್ಲೂ ಜನ.

50 ಎಂ.ಎಂ. ಅಗ್ಗ, ಹಗುರ, ಚೂಪು, ಹೊಗಳಿಕೆಯೆಲ್ಲ ನಿಜ. ಆದರೆ ಆ ಹೊಗಳಿಕೆ ಬಹುಪಾಲು ಫಿಲಂ ಕಾಲದ್ದು. ಡಿ5600ರ ಸಣ್ಣ ಸೆನ್ಸರಿನ ಮೇಲೆ 50 ಎಂಬುದು 75ರಂತೆ ನೋಡುತ್ತದೆ. ಹತ್ತಡಿ ದೂರದಿಂದ ಅದಕ್ಕೆ ಕಾಣುವುದು ನಾಲ್ಕೂಮುಕ್ಕಾಲು ಅಡಿ ಅಗಲ. ಅವಳ ಅಂಕಿಗಳ ನಡುವೆಯೇ ಬರುವ 35ಕ್ಕೆ ಆರೂಮುಕ್ಕಾಲು ಅಡಿ. ಅಡುಗೆಮನೆಯಲ್ಲಿ ಅಜ್ಜಿಯೊಬ್ಬಳೇ ಸಿಗುವುದಕ್ಕೂ ಅಜ್ಜಿ, ಒಲೆ, ಪಕ್ಕದಲ್ಲಿ ಕೂತ ಮಗು ಮೂರೂ ಸಿಗುವುದಕ್ಕೂ ಇರುವ ಅಂತರ ಅದು.

70-300 ಬೇಡ ಎಂದದ್ದಕ್ಕೆ ಬೆಳಕು ಒಂದು ಕಾರಣ. ಮಳೆಗಾಲದ ಮೋಡದಲ್ಲಿ 300 ಎಂ.ಎಂ. ಕೈಯಲ್ಲಿ ಹಿಡಿದರೆ ಸೆಕೆಂಡಿನ ನಾನೂರೈವತ್ತನೇ ಒಂದು ಭಾಗದಷ್ಟಾದರೂ ವೇಗ ಬೇಕು. ಅದು ಸುಲಭಕ್ಕೆ ಸಿಗದು. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದ ತೇಜಸ್ವಿಯವರಿಗೆ ದೂರದ ಲೆನ್ಸು ಬೇಕೇ ಬೇಕಿತ್ತು, ಹಕ್ಕಿ ಹತ್ತಿರ ಬಿಡುವುದಿಲ್ಲ. ಮನುಷ್ಯರು ಬಿಡುತ್ತಾರೆ, ಕೇಳಿದರೆ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು ನೋಡುವಾಗಲೆಲ್ಲ, ಈ ಮನುಷ್ಯ ಆ ಮಗುವಿನ ಜೊತೆ ಎರಡು ಮಾತಾಡಿಯೇ ತೆಗೆದಿರಬೇಕು ಅನ್ನಿಸುತ್ತದೆ. ಕ್ಯಾಮೆರಾ ಹಿಡಿದ ಹೊಸದರಲ್ಲೇ ದೂರ ನಿಂತು, ಜನರಿಗೆ ತಿಳಿಯದಂತೆ ತೆಗೆಯುವುದು ಅಭ್ಯಾಸವಾದರೆ ಆಮೇಲೆ ಹತ್ತಿರ ಹೋಗಲು ಕಾಲೇ ಬರುವುದಿಲ್ಲ. ನನ್ನ ಹುಡುಗಿಗೆ ಹಾಗಾಗುವುದು ನನಗೆ ಬೇಡ.

ಹಾಸನದ ಸ್ಟುಡಿಯೊ ಒಂದರಲ್ಲಿ ಹಳೆಯ ಲೆನ್ಸುಗಳಿದ್ದವು. ಮದುವೆ ಫೋಟೊ ತೆಗೆಯುವವರು ಮಿರರ್‌ಲೆಸ್‌ಗೆ ಹೋದಂತೆ ಇವು ಮಾರಾಟಕ್ಕೆ ಬರುತ್ತವೆ. ಮೊಬೈಲ್ ಟಾರ್ಚು ಬಿಟ್ಟು ಗಾಜಿನೊಳಗೆ ನೋಡಿದೆವು. ನಮ್ಮ ಕಡೆಯ ಮಳೆಯ ತೇವಕ್ಕೆ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿರುತ್ತದೆ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬಾರದು. ಅಗ್ಗವೆಂದು ಎಎಫ್-ಡಿ ಎಂದು ಬರೆದ ಹಳೆಯ ಲೆನ್ಸನ್ನೂ ತೋರಿಸಿದರು. ಅದನ್ನು ತಿರುಗಿಸುವ ಮೋಟಾರು ಡಿ5600ರಲ್ಲಿಲ್ಲ, ಫೋಕಸ್ಸನ್ನು ಕೈಯಿಂದಲೇ ಮಾಡಬೇಕು. ಬಿಟ್ಟೆವು. ಕೊನೆಗೆ 35 ಎಂ.ಎಂ., ಎಫ್/1.8, ಗಾಜು ಶುಭ್ರವಾಗಿದ್ದದ್ದು ಸಿಕ್ಕಿತು.

ಮೊನ್ನೆ ಅವಳು ಕಳಿಸಿದ ಫೋಟೊ ಹೊಗೆಸೊಪ್ಪಿನ ಶೆಡ್ಡಿನದು. ಹೊರಗೆ ಸೋನೆ, ಒಳಗೆ ಮಬ್ಬು. ನಾಲ್ಕು ಜನ ಹೆಂಗಸರು ಕೋಲಿಗೆ ಸೊಪ್ಪು ಕಟ್ಟುತ್ತಿದ್ದಾರೆ, ಅಂಟಿನಿಂದ ಕೈಯೆಲ್ಲ ಕಪ್ಪು. ಮೂವರು ತಲೆ ತಗ್ಗಿಸಿದ್ದಾರೆ. ನಾಲ್ಕನೆಯವಳು ಮಾತ್ರ ನೇರ ಕ್ಯಾಮೆರಾ ಕಡೆ ನೋಡುತ್ತ ಏನೋ ಹೇಳುತ್ತಿದ್ದಾಳೆ, ಬಾಯಿ ಅರ್ಧ ತೆರೆದಿದೆ.

ಏನಂದರು ಅವರು ಎಂದು ಕೇಳಿದೆ.

'ನೆನೀತಾ ಯಾಕ್ ನಿಂತಿದೀಯ, ಒಳಗ್ ಬಾ ಮಗ ಅಂದ್ರು ಮಾವ.'