ಬೆಂಗಳೂರಿನಿಂದ ನಾಗಪುರ ಎಷ್ಟು ದೂರ?



ಬೆಂಗಳೂರಿನಿಂದ ನಾಗಪುರಕ್ಕೆ ರಸ್ತೆಯಲ್ಲಿ ಸುಮಾರು 1,100 ಕಿಲೋಮೀಟರ್. ಆಕಾಶಮಾರ್ಗದಲ್ಲಿ 900ಕ್ಕೆ ತುಸು ಕಡಿಮೆ. ನೇರ ವಿಮಾನವಾದರೆ ಹೆಚ್ಚೂಕಡಿಮೆ ಒಂದೂಮುಕ್ಕಾಲು ಗಂಟೆ. ನಮ್ಮ ಅಪ್ಪ ರೈಲಿನ ಜನರಲ್ ಬೋಗಿಯಲ್ಲಿ, ಬಾಗಿಲ ಬಳಿ ಕೂತು, ರಾತ್ರಿಯೆಲ್ಲ ಪ್ರಯಾಣ ಮಾಡಿ ದೀಕ್ಷಾಭೂಮಿ ಕಂಡು ಬಂದವರು. ಅವರು ತೀರಿಕೊಂಡ ಮೇಲೆ ಅವ್ವನನ್ನೂ ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕೆಂಬ ಆಸೆ ನನಗಿತ್ತು. ಕಳೆದ ವರ್ಷ ವಿಮಾನದಲ್ಲೇ ಕರೆದುಕೊಂಡು ಹೋದೆ.

ಪಕ್ಕದ ಸೀಟಿನವರು ಮಾತಿಗೆ ಸಿಕ್ಕರು. ಸಜ್ಜನರು. "ನಾಗಪುರದಲ್ಲಿ ಏನು ವಿಶೇಷ ಸಾರ್?" ಎಂದರು. "ಸಂಬಂಧಿಕರ ಮದುವೆ" ಎಂದುಬಿಟ್ಟೆ. ಅವರು ಕಿಟಕಿ ಬಳಿ ಬಿಳಿ ಸೀರೆ ಉಟ್ಟು ಕೂತಿದ್ದ ಅವ್ವನನ್ನೊಮ್ಮೆ ನೋಡಿ ಸುಮ್ಮನಾದರು.

ದೀಕ್ಷಾಭೂಮಿ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. "ನೀವು ಯಾವ ಜನ?" ಎಂದು ಬಾಯಿ ಕೇಳದಿದ್ದರೂ ಕಣ್ಣು ಕೇಳುತ್ತದೆ. ಬಾಡಿಗೆ ಮನೆ ಹುಡುಕುವಾಗ ಆ ಕಣ್ಣನ್ನು ಕಂಡವರಿಗೆ ಇದು ಗೊತ್ತು. ಆದರೆ ಅಂದು ಬೆಳಿಗ್ಗೆ ನಾನು ಪಂಚಶೀಲ ಹೇಳಿಕೊಂಡೇ ಮನೆ ಬಿಟ್ಟಿದ್ದೆ. ಮಧ್ಯಾಹ್ನವಾಗುವಷ್ಟರಲ್ಲಿ ನಾಲ್ಕನೆಯ ಶೀಲ ಮುರಿದಿತ್ತು.

ಇಳಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು: "ಯಾರ ಮದುವೇನಪ್ಪಾ?"

ನನ್ನಲ್ಲಿ ಉತ್ತರವಿರಲಿಲ್ಲ.

ಜ್ಞಾನೋದಯದ ನಂತರ ಭಗವಾನ್ ಬುದ್ಧರು ಗಯೆಯ ಕಡೆಯಿಂದ ಸಾರನಾಥಕ್ಕೆ ಹೊರಟರು. ಸುಮಾರು 250 ಕಿಲೋಮೀಟರ್, ಕಾಲ್ನಡಿಗೆ. ದಾರಿಯಲ್ಲಿ ಉಪಕನೆಂಬ ಆಜೀವಕ ಎದುರಾಗಿ, ನಿಮ್ಮ ಗುರು ಯಾರು, ನೀವು ಒಪ್ಪಿದ ಧಮ್ಮ ಯಾವುದು ಎಂದು ಕೇಳಿದ. ಬುದ್ಧರು ಏನನ್ನೂ ಮುಚ್ಚಿಡದೆ, ತಾವು ಕಂಡುಕೊಂಡದ್ದನ್ನು ಇದ್ದಂತೆ ಹೇಳಿದರು. ಉಪಕ, ಇದ್ದರೂ ಇರಬಹುದು ಎಂದು ತಲೆಯಾಡಿಸಿ ಬೇರೆ ದಾರಿ ಹಿಡಿದ. ಅವನು ಒಪ್ಪಲಿಲ್ಲವೆಂದು ಬುದ್ಧರ ಹೆಜ್ಜೆ ನಿಲ್ಲಲಿಲ್ಲ. ಸಹಪ್ರಯಾಣಿಕ ಕೇಳಿದಾಗ ನಿಜ ಹೇಳುವುದಷ್ಟೇ ನಮ್ಮ ಕೆಲಸ. ಅವನು ಏನೆಂದುಕೊಳ್ಳುತ್ತಾನೋ ಅದು ಅವನದು.

ಬಾಬಾಸಾಹೇಬರನ್ನು ನೆನೆಯಿರಿ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯಲಾರೆ ಎಂದು ಸಾರಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬುದ್ಧನಿಗೆ ಶರಣಾದರು. ಆ ಎರಡು ಊರುಗಳ ನಡುವೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಅವರಿಗೆ ಹಿಡಿದದ್ದು 21 ವರ್ಷ. ಅಷ್ಟು ವರ್ಷ ಓದಿ, ತೂಗಿ ನೋಡಿ, ಕೊನೆಗೆ ಬಯಲಿನಲ್ಲಿ, ಹಾಡುಹಗಲಿನಲ್ಲಿ ದೀಕ್ಷೆ ಪಡೆದರು, ಗುಟ್ಟಾಗಿ ಅಲ್ಲ. ಆ ದೀಕ್ಷೆಯ ನೆಲಕ್ಕೆ ಹೊರಟ ನಾನು ಅದರ ಹೆಸರನ್ನೇ ಮದುವೆಯ ಮಾತಿನಲ್ಲಿ ಮುಚ್ಚಿಟ್ಟಿದ್ದೆ.

ಎಲ್ಲರಿಗೂ ಎಲ್ಲೆಡೆ ಹೇಳಿಕೊಳ್ಳುವುದು ಸುಲಭವಲ್ಲ, ಬಲ್ಲೆ. ಆದರೂ ಸ್ತೂಪದ ಮುಂದೆ ಅವ್ವ ಕೈಮುಗಿದು ಅತ್ತಾಗ ಒಂದು ನಿರ್ಧಾರ ಮಾಡಿದೆ. ಊರಿಗೆ ಬಂದ ಮರುದಿನ ಸ್ಟಾಫ್ ರೂಮಿನಲ್ಲಿ ಒಬ್ಬರು "ರಜೆ ಹಾಕಿ ಎಲ್ಲಿಗೆ ಹೋಗಿದ್ರಿ ಮೇಷ್ಟ್ರೇ?" ಎಂದರು. "ನಾಗಪುರದ ದೀಕ್ಷಾಭೂಮಿಗೆ. ನಾವು ಬೌದ್ಧರು" ಎಂದೆ. ಎದೆ ಹೊಡೆದುಕೊಳ್ಳುತ್ತಿತ್ತು. ಅವರು "ಹೌದಾ?" ಎಂದು ಟೀ ಲೋಟ ಎತ್ತಿಕೊಂಡರು. ಅಷ್ಟೇ.

ವಿಮಾನ ಒಂದೂಮುಕ್ಕಾಲು ಗಂಟೆಯಲ್ಲಿ ನನ್ನನ್ನು ನಾಗಪುರಕ್ಕೆ ಇಳಿಸಿತು. ನಿಜವಾಗಿ ತಲುಪಿದ್ದು ಅಂದು, ಸ್ಟಾಫ್ ರೂಮಿನಲ್ಲಿ.

ಇಂದು ಯಾರಾದರೂ ಕೇಳಿದರೆ ನಾವು ಏನು ಹೇಳುತ್ತೇವೆ? ಸ್ವಲ್ಪ ಹೊತ್ತು ಕೂತು ಯೋಚಿಸೋಣ.

ನಮೋ ಬುದ್ಧಾಯ. ಜೈ ಭೀಮ್.